ಎಂಜಿನ್‌ಗೆ ಎಂಜಿನ್ ಎದುರಾದ್ರೆ ಗೆಲ್ಲೋದು ಯಾರು?

ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು, ಅರಗಿನ ಬಣ್ಣ ಏರಿಸಿದ ಚೆಸ್ ಕಾಯಿ ಹಿಡಿದು ಆಡೋರೇ, ರಾಮನಗರ, ಕನಕಪುರ, ಮಾಗಡಿಯಲ್ಲಿ ಮೊಬೈಲ್‌ನಲ್ಲಿ ಆಡೋ ಮಕ್ಕಳೇ, ಇದು ನಿಮಗೆ.

ಲಿಚೆಸ್ ಅನ್ನೋ ಚೆಸ್ ಜಾಲತಾಣದಲ್ಲಿ ಆಟ ಮುಗಿದ ಮೇಲೆ ನಿಮ್ಮ ತಪ್ಪು ನಡೆ ಹುಡುಕಿ ತೋರಿಸುತ್ತಲ್ಲ, ಅದು ಸ್ಟಾಕ್‌ಫಿಶ್. ಚೆಸ್ ಆಡೋ ಪ್ರೋಗ್ರಾಂ, ಅಂದ್ರೆ ಎಂಜಿನ್; ಪೂರ್ತಿ ಉಚಿತ. ಮನುಷ್ಯರಲ್ಲಿ ಅದಕ್ಕೆ ಸಾಟಿ ಯಾರೂ ಇಲ್ಲ. ಅದರ ಎದುರಾಳಿಗಳು ಬೇರೆ ಎಂಜಿನ್‌ಗಳೇ. 2010ರಿಂದ ಟಿಸಿಇಸಿ ಅನ್ನೋ ಎಂಜಿನ್ ಟೂರ್ನಿ ನಡೀತಿದೆ.

ಅಲ್ಲೊಂದು ತೊಡಕಿದೆ. ಇಬ್ಬರೂ ತಪ್ಪೇ ಮಾಡದಿದ್ರೆ ಬರೀ ಡ್ರಾ. ಅದಕ್ಕೇ ಮೊದಲ ಕೆಲವು ನಡೆಗಳನ್ನ ಸಂಘಟಕರೇ ಗೊತ್ತು ಮಾಡ್ತಾರೆ, ಒಂದು ಕಡೆಗೆ ಸ್ವಲ್ಪ ವಾಲಿದ ಹಾಗೆ. ಅದೇ ಸ್ಥಿತಿಯಿಂದ ಎರಡು ಆಟ: ಒಮ್ಮೆ ಬಿಳಿ, ಒಮ್ಮೆ ಕಪ್ಪು. ಒಳ್ಳೆ ಕಡೆ ಸಿಕ್ಕಾಗ ಗೆಲ್ಲಬೇಕು, ಕೆಟ್ಟ ಕಡೆ ಸಿಕ್ಕಾಗ ಡ್ರಾ ಹಿಡೀಬೇಕು. ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗಂತೂ ಕಾಣಲ್ಲ.

ಸ್ಟಾಕ್‌ಫಿಶ್‌ನ ಬಲ ವೇಗ. ದೊಡ್ಡ ಯಂತ್ರದಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಸ್ಥಿತಿ ಜಾಲಾಡುತ್ತೆ. ಲೀಲಾ ಅನ್ನೋ ಎಂಜಿನ್ ನ್ಯೂರಲ್ ನೆಟ್‌ವರ್ಕ್ ಬಳಸಿ, ತನ್ನ ಜೊತೆ ತಾನೇ ಆಡಿ ಕಲಿತದ್ದು. ನೋಡೋದು ಕಡಿಮೆ, ಅಳೆಯೋದು ಚೆನ್ನಾಗಿ. 2019ರ ಒಂದು ಟಿಸಿಇಸಿ ಫೈನಲ್‌ನಲ್ಲಿ ಲೀಲಾ ಸ್ಟಾಕ್‌ಫಿಶ್ಶನ್ನೇ ಸೋಲಿಸಿತು!

ಮರುವರ್ಷ ಸ್ಟಾಕ್‌ಫಿಶ್ ಕೂಡ ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡಿತು. ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ಅನ್ನೋರು ರೂಪಿಸಿದ್ದ ವಿಧಾನ ಅದು, ಸಾಮಾನ್ಯ ಕಂಪ್ಯೂಟರ್‌ನಲ್ಲೂ ಓಡುತ್ತೆ. ವೇಗ ಮತ್ತು ಅಳತೆ ಎರಡೂ ಒಂದೇ ಕಡೆ ಸೇರಿದವು.

ನಿಮ್ಮ ಆಟ ನಡೀತಿರುವಾಗ ಎಂಜಿನ್ ತೆರೀಬೇಡಿ, ಅದು ಮೋಸ. ಮುಗಿದ ಮೇಲೆ ನಿಮ್ಮ ತಪ್ಪನ್ನ ಮೊದಲು ನೀವೇ ಹುಡುಕಿ, ಆಮೇಲೆ ಸ್ಟಾಕ್‌ಫಿಶ್‌ನ ಕೇಳಿ.