ಗೇರ್ ಬಾಕ್ಸ್ ಬಿಚ್ಚುವ ಮೊದಲು ತಂತಿ ನೋಡಿ

ಕೊಯ್ಲಿನ ದಿನಗಳಲ್ಲಿ ತೋಟದ ಜೀಪು ನಿಂತರೆ ಏನಾಗುತ್ತದೆಂಬುದನ್ನು ಬೆಳೆಗಾರ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ಕಾಫಿ ಹಣ್ಣು ಅದೇ ದಿನ ಪಲ್ಪರಿಗೆ ಬೀಳಬೇಕು. ಅಡಿಕೆ ಗೊನೆ ಅಂಗಳ ಸೇರಬೇಕು. ಮೂಡಿಗೆರೆ ಕಡೆಯ ನಮ್ಮ ಸದಸ್ಯರೊಬ್ಬರ ಜೀಪು ಇಂಥ ಸಮಯದಲ್ಲೇ ಕೈಕೊಟ್ಟಿತು. ಅದನ್ನು ಸರಿಪಡಿಸಿದ ಕ್ರಮ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಈ ಸದಸ್ಯರಿಗೆ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಕ್ಲಚ್ ತುಳಿಯಲಾಗದು. ಕ್ಲಚ್ ಇಲ್ಲದ ಕಾರುಗಳಿಗೆ ಈಗ ಬರವಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ಅವು ಸಾಮಾನ್ಯ ಬೆಲೆಗೂ ಸಿಗುತ್ತವೆ. ಆದರೆ ಕಾರು ತೋಟದ ಏರಿಗೆ ಆಗುವುದಿಲ್ಲ, ಹೊಸ ನಾಲ್ಕು ಚಕ್ರ ಚಾಲನೆಯ ವಾಹನ ಸಣ್ಣ ಬೆಳೆಗಾರನ ಕೈಗೆ ಎಟುಕುವುದಿಲ್ಲ. ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿರುವ ಅವರ ಮಗ ಇದಕ್ಕೆ ತಾನೇ ಒಂದು ದಾರಿ ಹುಡುಕಿದರು. ಹಳೆಯ ಡೀಸೆಲ್ ಜೀಪಿಗೆ ಜಪಾನಿನ ಐಸಿನ್ ವಾರ್ನರ್ ಕಂಪನಿಯ ನಾಲ್ಕು ಗೇರಿನ ಸ್ವಯಂಚಾಲಿತ ಗೇರ್ ಬಾಕ್ಸ್ ಕೂರಿಸಿದರು. ಇದೇ ಜಾತಿಯ ಗೇರ್ ಬಾಕ್ಸನ್ನು ಅಮೆರಿಕದ ಜೀಪ್ ಚೆರೋಕಿಗೆ 1987ರಿಂದ 2001ರವರೆಗೆ ಹಾಕುತ್ತಿದ್ದರು. ಅದನ್ನು ಆಳುವ ವಿದ್ಯುನ್ಮಾನ ಪೆಟ್ಟಿಗೆಯನ್ನು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯ ಶೆಡ್ಡಿನಲ್ಲೇ ಜೋಡಿಸಿದರು.

ಎರಡು ತಿಂಗಳು ಜೀಪು ಚೆನ್ನಾಗಿ ಓಡಿತು. ಆಮೇಲೆ ಏರಿನಲ್ಲಿ ಮೂಟೆ ಹೇರಿಕೊಂಡು ಹೋಗುವಾಗ ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ಹೊಯ್ದಾಡತೊಡಗಿತು. "ಸಣ್ಣಯ್ಯಾ, ಗೇರು ತಾನೇ ಹಾಕ್ಕೊಳ್ತದೆ, ತಾನೇ ಬಿಡ್ತದೆ. ನಾನಿನ್ನು ಜನ ಕೂರಿಸಿಕೊಂಡು ಹತ್ತೋದಿಲ್ಲ" ಎಂದು ಚಾಲಕರು ಫೋನಿನಲ್ಲಿ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಊರಿನ ಮೆಕ್ಯಾನಿಕ್ ನೋಡಿ, ಗೇರ್ ಬಾಕ್ಸ್ ಇಳಿಸಿ ಬಿಚ್ಚಲೇಬೇಕೆಂದರು.

ದೋಷ ಯಾವ ಕಡೆ?

ಗೇರ್ ಬಾಕ್ಸಿನೊಳಗೆ ಗೇರು ಬದಲಿಸಲು ಎರಡು ಸೊಲೆನಾಯ್ಡ್‌ಗಳಿವೆ. ಇವು ವಿದ್ಯುತ್ತಿನಿಂದ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ಸಣ್ಣ ಕವಾಟಗಳು. ಮೊದಲನೆಯದಕ್ಕೆ ಮಾತ್ರ ವಿದ್ಯುತ್ ಹೋದರೆ ಒಂದನೇ ಗೇರು, ಎರಡಕ್ಕೂ ಹೋದರೆ ಎರಡನೇ ಗೇರು, ಎರಡನೆಯದಕ್ಕೆ ಮಾತ್ರ ಹೋದರೆ ಮೂರನೇ ಗೇರು, ಯಾವುದಕ್ಕೂ ಹೋಗದಿದ್ದರೆ ನಾಲ್ಕನೇ ಗೇರು.

ಪರೀಕ್ಷೆಯ ಕೀಲಿಯೂ ಇಲ್ಲೇ ಇದೆ. ಸೊಲೆನಾಯ್ಡ್‌ಗಳ ತಂತಿ ಕಳಚಿಟ್ಟರೂ ಈ ಗೇರ್ ಬಾಕ್ಸ್ ಹಿಡಿಕೆಯ ಮಾತು ಕೇಳುತ್ತದೆ. ಹಿಡಿಕೆ 'ಎಲ್'ನಲ್ಲಿದ್ದರೆ ಒಂದನೇ ಗೇರು, '2'ರಲ್ಲಿ ಮೂರನೇ ಗೇರು, 'ಡಿ'ಯಲ್ಲಿ ನಾಲ್ಕನೇ ಗೇರು ಬರಬೇಕು. ಚಾಲಕರು ಖಾಲಿ ಜೀಪನ್ನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿದರು. ಮೂರೂ ಸರಿಯಾಗಿ ಬಂದವು, ಎಲ್ಲಿಯೂ ಜಾರಲಿಲ್ಲ. ಹಾಗಾದರೆ ಗೇರ್ ಬಾಕ್ಸಿನ ಹೊಟ್ಟೆಯಲ್ಲಿ ರೋಗವಿಲ್ಲವೆಂಬುದು ಬಹುಮಟ್ಟಿಗೆ ಖಚಿತವಾಯಿತು.

ಮುಂದಿನ ಭಾನುವಾರ ನಾವು ಸುಬ್ರಹ್ಮಣ್ಯಪುರಕ್ಕೆ ಹೋದೆವು. ಮಗ ನಿಯಂತ್ರಕ ಪೆಟ್ಟಿಗೆಯನ್ನು ಬಿಚ್ಚಿ ತಂದಿದ್ದರು. ಶೆಡ್ಡಿನ ಮೇಜಿನ ಮೇಲೆ ಸೊಲೆನಾಯ್ಡ್‌ಗಳ ಬದಲು 12 ವೋಲ್ಟಿನ ಎರಡು ಬಲ್ಬು ಕಟ್ಟಿ, ಆಕ್ಸಿಲರೇಟರಿನ ಸಂವೇದಕವನ್ನು ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಉಪಕರಣದಿಂದ ವೇಗದ ಸಂಕೇತ ಕೊಟ್ಟರು. ಬಲ್ಬುಗಳು ಮೇಲೆ ಹೇಳಿದ ಕ್ರಮದಲ್ಲೇ ಹತ್ತಿ ಆರಿದವು. ಹೊಯ್ದಾಟ ಕಾಣಲಿಲ್ಲ.

ಗೇರ್ ಬಾಕ್ಸ್ ಸರಿ, ಪೆಟ್ಟಿಗೆಯೂ ಸರಿ. ಉಳಿದದ್ದು ಇವೆರಡರ ನಡುವಿನ ತಂತಿ. ಅವರೊಡನೆ ನಾವೂ ತೋಟಕ್ಕೆ ಹೊರಟೆವು.

ಮಲ್ಟಿಮೀಟರ್ ಹೇಳಿದ್ದು

ಮೊದಲು ಸೊಲೆನಾಯ್ಡ್ ನೋಡಿದೆವು. ಕನೆಕ್ಟರಿನ ಪಿನ್ನಿಗೂ ಗೇರ್ ಬಾಕ್ಸಿನ ಮೈಗೂ ನಡುವೆ 11ರಿಂದ 15 ಓಮ್ ಇರಬೇಕು. ಎರಡರಲ್ಲೂ 13ರ ಆಸುಪಾಸು ಬಂತು. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ, ಏನೂ ತೋರದಿದ್ದರೆ ತಂತಿ ತುಂಡಾಗಿದೆ ಎಂದು ತಿಳಿಯತಕ್ಕದ್ದು.

ಆಮೇಲೆ ಅರ್ಥಿಂಗ್. ಇದನ್ನು ಓಮ್‌ನಲ್ಲಿ ಅಳೆದರೆ ಮೋಸ ಹೋಗುತ್ತೇವೆ. ಕೆಲಸ ನಡೆಯುತ್ತಿರುವಾಗ ವೋಲ್ಟ್‌ನಲ್ಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಪೆಟ್ಟಿಗೆಯ ಅರ್ಥ್ ತಂತಿಗೂ ಮುಟ್ಟಿಸಿದೆವು. ಅಲ್ಲಿ 0.1 ವೋಲ್ಟಿಗಿಂತ ಹೆಚ್ಚು ಇರಬಾರದು. ನಮಗೆ ಬಂದದ್ದು ಎರಡನೇ ಗೇರಿನಲ್ಲಿ 1.2 ವೋಲ್ಟ್, ಮೂರನೆಯದರಲ್ಲಿ 0.7.

ಅರ್ಥ್ ತಂತಿಯನ್ನು ಡ್ಯಾಶ್‌ಬೋರ್ಡಿನ ತಗಡಿಗೆ ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಬಿಗಿದಿದ್ದರು. ಮಲೆನಾಡಿನ ಮಳೆಗಾಲ ಅದಕ್ಕೆ ತುಕ್ಕನ್ನೂ ಸೇರಿಸಿತ್ತು. ಆಕ್ಸಿಲರೇಟರ್ ಸಂವೇದಕದ ಅರ್ಥ್ ಮಾತ್ರ ಬೇರೆಯಾಗಿ ಎಂಜಿನ್ನಿಗೆ ಹೋಗಿತ್ತು. ಎರಡನೇ ಗೇರಿನಲ್ಲಿ ಪೆಟ್ಟಿಗೆಯ ಎರಡು ರಿಲೇಗಳೂ ಎಳೆದಾಗ ಪೆಟ್ಟಿಗೆಯ ಅರ್ಥ್ ಮೇಲೇರುತ್ತಿತ್ತು. ಆಗ ಸಂವೇದಕದ ಸಂಕೇತ ಅದಕ್ಕೆ ಕಡಿಮೆಯಾಗಿ ಕಾಣುತ್ತಿತ್ತು. ಚಾಲಕ ಕಾಲು ಸಡಿಲಿಸಿದನೆಂದು ತಿಳಿದು ಮೂರನೆಯದಕ್ಕೆ ಏರಿಸುತ್ತಿತ್ತು. ಅಲ್ಲಿ ಒಂದೇ ರಿಲೇ ಇರುವುದರಿಂದ ಅರ್ಥ್ ಇಳಿದು, ಕಾಲು ಮತ್ತೆ ಒತ್ತಿದಂತೆ ಕಂಡು ಎರಡನೆಯದಕ್ಕೆ ಇಳಿಸುತ್ತಿತ್ತು. ಹೊಯ್ದಾಟದ ಗುಟ್ಟು ಇಷ್ಟೇ.

ಪೆಟ್ಟಿಗೆಯಿಂದ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ದಪ್ಪ ತಂತಿ ಎಳೆದು, ಸಂವೇದಕದ ಅರ್ಥನ್ನು ಪೆಟ್ಟಿಗೆಗೇ ತಂದು ಸೇರಿಸಿದೆವು. ಮೀಟರು 0.05 ತೋರಿಸಿತು. ಖರ್ಚಾದ ಸಾಮಾನು ನೂರು ರೂಪಾಯಿಯೊಳಗಿನದು.

ಸೆಟ್ಟಿಂಗು ಆಮೇಲೆ

ತಂತಿ ಸರಿಯಾಗುವ ಮೊದಲು ಸೆಟ್ಟಿಂಗು ತಿದ್ದಲು ಹೋದರೆ ಎರಡು ತಪ್ಪು ಸೇರಿ ಮೂರನೆಯದಾಗುತ್ತದೆ. ಈಗ ತಿದ್ದಿದ್ದು ಮೂರು.

1. ಟೈರಿನ ಅಳತೆ: ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಜೀಪನ್ನು ಒಂದು ಸುತ್ತು ತಳ್ಳಿ ಟೇಪು ಹಿಡಿದೆವು. 2.43 ಮೀಟರು ಬಂತು. ಪೆಟ್ಟಿಗೆಯಲ್ಲಿ ಹಳೆಯ ಟೈರಿನ 2.20 ಉಳಿದಿತ್ತು. ಅಂದರೆ ನಿಜವಾದ ವೇಗಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಎಣಿಸುತ್ತಿತ್ತು.

2. ಏರಿಳಿತದ ಅಂತರ: ಎರಡರಿಂದ ಮೂರಕ್ಕೆ ಗಂಟೆಗೆ 24 ಕಿ.ಮೀ.ನಲ್ಲಿ ಏರಿ, 22ರಲ್ಲಿ ಇಳಿಯುವಂತೆ ಇತ್ತು. ಇಷ್ಟು ಹತ್ತಿರವಿದ್ದರೆ ಏರಿನಲ್ಲಿ ಅಲುಗಾಟ ತಪ್ಪದು. 26ಕ್ಕೆ ಏರಿ 16ಕ್ಕೆ ಇಳಿಯುವಂತೆ ಮಾಡಿದೆವು.

3. ಒತ್ತಡದ ಕೇಬಲ್: ಎಣ್ಣೆಯ ಒತ್ತಡವನ್ನು ಆಕ್ಸಿಲರೇಟರಿಗೆ ಕಟ್ಟಿದ ಕೇಬಲ್ ನಿರ್ಧರಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲೂ ಪೂರ್ತಿ ಎಳೆದಿರಬೇಕು. ಸಡಿಲವಾದರೆ ಗೇರು ಜಾರಿ ಒಳಗಿನ ಪ್ಲೇಟುಗಳು ಸುಡುತ್ತವೆ, ಅತಿ ಬಿಗಿಯಾದರೆ ಹೊಡೆತ ಬರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಪುಸ್ತಕದಲ್ಲಿ ಬರೆದಿಟ್ಟೆವು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಗುಣ ಕೊಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ.

ಎಚ್ಚರಿಕೆಯ ಮಾತು

ಪ್ರಯೋಗದ ದಿನ ಜೀಪಿನಲ್ಲಿ ಚಾಲಕರ ಹೊರತು ಯಾರೂ ಇರಲಿಲ್ಲ. ಮೂಟೆಯ ಬದಲು ಮರಳಿನ ಚೀಲ ಹೇರಿದ್ದೆವು. ನಿಲ್ಲಿಸಿದಾಗಲೆಲ್ಲ ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟೆವು. ಇಂಥ ಜೀಪು ಓಡಿಸುವವರಿಗೆ ಇನ್ನೊಂದನ್ನೂ ಹೇಳಿಕೊಡಬೇಕು. ಪೆಟ್ಟಿಗೆಗೆ ವಿದ್ಯುತ್ ತಪ್ಪಿದರೆ 'ಡಿ'ಯಲ್ಲಿ ನಾಲ್ಕನೇ ಗೇರಿಗೆ ಬೀಳುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ಸಾಲದಾಗುತ್ತದೆ. ಬ್ರೇಕಿನಿಂದ ವೇಗ ತಗ್ಗಿಸಿದ ಮೇಲೆಯೇ 'ಎಲ್'ಗೆ ಹಾಕತಕ್ಕದ್ದು.

ಕಾನೂನನ್ನೂ ಮರೆಯಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಈ ಜೀಪು ತೋಟದ ಗೇಟು ದಾಟುವುದಿಲ್ಲ.

ಎಲ್ಲ ಬೆಳೆಗಾರರೂ ಇಂಥ ಜೀಪು ಕಟ್ಟಲಾರರು, ಕಟ್ಟಬೇಕೆಂದೂ ನಾವು ಹೇಳುವುದಿಲ್ಲ. ಆದರೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ನಮ್ಮೆಲ್ಲರ ತೋಟದಲ್ಲೂ ಇದೆ. ಅದು ಕೈಕೊಟ್ಟಾಗಲೂ ಮೋಟಾರನ್ನು ಬಾವಿಯಿಂದ ಎತ್ತುವ ಮೊದಲು ಇದೇ ಕ್ರಮ ಹಿಡಿಯಬಹುದು. ಯಂತ್ರವೇ, ಪೆಟ್ಟಿಗೆಯೇ, ನಡುವಿನ ತಂತಿಯೇ ಎಂದು ಬೇರೆ ಬೇರೆ ಮಾಡಿ ನೋಡುವುದು, ಸೆಟ್ಟಿಂಗು ಕೊನೆಗೆ ಮುಟ್ಟುವುದು. ಮೇನ್ ಸ್ವಿಚ್ ತೆಗೆದೇ ಪೆಟ್ಟಿಗೆ ತೆರೆಯಬೇಕು. ಮೂರು ಫೇಸಿನ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು.

ಮರುದಿನ ಬೆಳಿಗ್ಗೆ ಆ ಸದಸ್ಯರು ಬಹಳ ದಿನಗಳ ಮೇಲೆ ತಾವೇ ಜೀಪು ಓಡಿಸಿಕೊಂಡು ಮೇಲಿನ ತಾಕಿಗೆ ಹೋಗಿ, ಕೊಯ್ಲು ಎಷ್ಟು ಉಳಿದಿದೆಯೆಂದು ನೋಡಿಕೊಂಡು ಬಂದರು.