ಮುಗಿಯದ ಜೂನ್ ತಿಂಗಳು

ಧಾರಾವಾಹಿಯ ಮುಂದಿನ ಕಂತು ಬರುವವರೆಗೂ, “ಕೊಲೆಗಾರ ಆ ಸೋದರಮಾವನೇ ಇರಬೇಕು” ಎಂದು ಮನೆಮಂದಿಯೆಲ್ಲ ವಾದಿಸುವ ಸುಖ ನಮ್ಮ ವಾಚಕರಿಗೆ ಹೊಸದೇನಲ್ಲ. ಜಪಾನಿನ ತರುಣರು ಇದೇ ಬಗೆಯಲ್ಲಿ ನಾಲ್ಕು ವರ್ಷ ಕಾದರು; ಪತ್ರಿಕೆಗಾಗಿ ಅಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಓದುವ ಒಂದು ಚಿತ್ರಕಾದಂಬರಿಗಾಗಿ.

‘ಹಿಗುರಾಶಿ ನೊ ನಾಕು ಕೊರೊ ನಿ’, ಎಂದರೆ ‘ಜೀರುಂಡೆಗಳು ಕೂಗುವ ವೇಳೆ’, ಎಂಬುದು ಅದರ ಹೆಸರು. ಕರ್ತೃವಿನ ಕಾವ್ಯನಾಮ ರ್ಯೂಕಿಶಿ ಜೀರೋ ಸೆವೆನ್. ಮೊದಲ ಭಾಗವು 2002ರ ಆಗಸ್ಟಿನಲ್ಲಿ ಟೋಕಿಯೋದ ಕೊಮಿಕೆಟ್ ಎಂಬ ಹವ್ಯಾಸಿ ಪ್ರಕಾಶಕರ ಮೇಳದಲ್ಲಿ ಮಾರಾಟವಾಯಿತು. ಎಂಟನೆಯದು 2006ರ ಆಗಸ್ಟಿನಲ್ಲಿ. ಪಾತ್ರಗಳ ಚಿತ್ರಗಳನ್ನೂ ಕರ್ತೃವೇ ಬರೆದರು. ಅವುಗಳ ಕೈಗಳು ಕಣಕದ ಉಂಡೆಯಂತಿವೆ. ಕಥೆಯ ಸೊಗಸಿಗಾಗಿ ಅದನ್ನು ಕ್ಷಮಿಸಬಹುದು.

ಕಾಲ 1983ರ ಜೂನ್. ಸ್ಥಳ ಹಿನಾಮಿಜಾವಾ ಎಂಬ ಮಲೆಯ ಹಳ್ಳಿ; ಕಡಿದಾದ ಹುಲ್ಲುಮಾಡಿನ ಮನೆಗಳುಳ್ಳ ಶಿರಾಕಾವಾ-ಗೋ ಇದಕ್ಕೆ ಮಾದರಿ. ಅಣೆಕಟ್ಟಿನ ಯೋಜನೆಯನ್ನು ಹೋರಾಡಿ ನಿಲ್ಲಿಸಿದ ಈ ಊರಿನಲ್ಲಿ, ಪ್ರತಿವರ್ಷ ಹಬ್ಬದ ರಾತ್ರಿ ಒಬ್ಬರು ಸಾಯುತ್ತಾರೆ, ಇನ್ನೊಬ್ಬರು ಕಾಣೆಯಾಗುತ್ತಾರೆ. ಪಟ್ಟಣದಿಂದ ಬಂದ ಕೇಯಿಚಿ ಎಂಬ ಹುಡುಗನಿಗೆ ಇದನ್ನು ಗೆಳೆಯರಾರೂ ಹೇಳುವುದಿಲ್ಲ. ಆ ಮೌನವೇ ಅವನ ಮನಸ್ಸಿನಲ್ಲಿ ಒಳಸಂಚಾಗಿ ಬೆಳೆದು, ಕೊನೆಗೆ ಅವನು ತನ್ನನ್ನು ಪ್ರೀತಿಸಿದ ಇಬ್ಬರು ಗೆಳತಿಯರನ್ನೇ ಕೊಲ್ಲುತ್ತಾನೆ. (ಚಿಕ್ಕ ಮಕ್ಕಳ ಕೈಗೆ ಕೊಡುವ ಕಥೆಯಲ್ಲ ಇದು.)

ಎರಡನೆಯ ಭಾಗ ತೆರೆದರೆ ಎಲ್ಲರೂ ಜೀವಂತ! ಮತ್ತೆ ಅದೇ ಜೂನ್, ಅದೇ ಆಟ, ಬೇರೊಂದು ದುರಂತ. ರಿಕಾ ಎಂಬ ಪುಟ್ಟ ಹುಡುಗಿಯೊಬ್ಬಳು ಸತ್ತು ಸತ್ತು ಸುಮಾರು ನೂರು ವರ್ಷಗಳಿಂದ ಈ ಕಾಲದ ಸುಳಿಯಲ್ಲಿ ಸಿಲುಕಿದ್ದಾಳೆಂಬುದು ಬಹಳ ತಡವಾಗಿ ತಿಳಿಯುತ್ತದೆ. ಇಂತಹ ಕೃತಿಗಳಲ್ಲಿ ಸಾಮಾನ್ಯವಾಗಿ ಓದುಗನೇ ಕಥೆಯ ದಾರಿಯನ್ನು ಆರಿಸಬಹುದು. ಇಲ್ಲಿ ಆ ಸ್ವಾತಂತ್ರ್ಯವೂ ಇಲ್ಲ; ಊಹಿಸಬಹುದು, ಅಷ್ಟೆ.

ಆರನೆಯ ಭಾಗದಲ್ಲಿ ರೇನಾ ಎಂಬ ಗೆಳತಿಗೆ ಅದೇ ಸಂಶಯದ ಜ್ವರ ಹಿಡಿಯುತ್ತದೆ. ಆಗ ಕೇಯಿಚಿಗೆ ಹಠಾತ್ತನೆ ನೆನಪಾಗುತ್ತದೆ: ಈ ಜೂನಿನಲ್ಲಿ ತಾನು ಮಾಡಿಯೇ ಇಲ್ಲದ, ಹಿಂದೊಂದು ಜೂನಿನಲ್ಲಿ ಮಾಡಿದ ಕೊಲೆ. ಅವನು ಬಿಕ್ಕಿ ಬಿಕ್ಕಿ ಅತ್ತು ಕ್ಷಮೆ ಬೇಡುತ್ತಾನೆ. ತನ್ನ ಹೊರತು ಯಾರಿಗೂ ನೆನಪಿರದೆಂದು ನಂಬಿದ್ದ ರಿಕಾ ದಂಗಾಗುತ್ತಾಳೆ. ಶಾಲೆಯ ಮಾಳಿಗೆಯ ಮೇಲೆ ಕೇಯಿಚಿ ರೇನಾಳೊಡನೆ ಹೋರಾಡಿ, ಅವಳನ್ನು ಕೊಲ್ಲದೆ, ಮರಳಿ ಗೆಳತಿಯಾಗಿ ಪಡೆಯುತ್ತಾನೆ.

ಆ ಸಲವೂ ರಿಕಾ ಬದುಕುವುದಿಲ್ಲ. ಆದರೆ ಏಳನೆಯ ಭಾಗದಲ್ಲಿ, ನೂರು ವರ್ಷ ಒಬ್ಬಳೇ ಹೊತ್ತ ಗುಟ್ಟನ್ನು ಅವಳು ಗೆಳೆಯರ ಮುಂದೆ ಬಿಚ್ಚಿಡುತ್ತಾಳೆ. ಎಂಟನೆಯದರಲ್ಲಿ ಜುಲೈ ಬಂದಿತೇ? ಅದನ್ನೂ ಹೇಳಿಬಿಟ್ಟರೆ, ಕೊನೆಯ ಕಂತನ್ನು ಮೊದಲೇ ಓದಿ ಬಂದು ಹೇಳುವ ನೆರೆಮನೆಯವರ ಸಾಲಿಗೆ ನಾನೂ ಸೇರಬೇಕಾದೀತು.