ಸೈಕಲ್ ಟ್ಯೂಬು, ಶ್ರುತಿಪೆಟ್ಟಿಗೆ ಮತ್ತು ಎಂಟು ಸೆಕೆಂಡಿನ ಅಪ್ಪ

ಶುರುವಾಗಿದ್ದು ಸೈಕಲ್ಲಿಂದ. ಅಪ್ಪನ ಕಪ್ಪು ಅಟ್ಲಾಸ್. 28 ಇಂಚಿನ ಚಕ್ರ, ಕಂಬಿ ಬ್ರೇಕು. ಅಪ್ಪ ತೀರಿಕೊಂಡು ಆರು ವರ್ಷ. ಅಷ್ಟೂ ವರ್ಷ ಅದು ಮೆಟ್ಟಿಲ ಕೆಳಗೆ ಹಳೇ ಪೇಪರ್ ಕಟ್ಟು ಹೊತ್ತುಕೊಂಡು ನಿಂತಿತ್ತು. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಕೇಳಿದಾಗ ನನಗೆ ಯಾಕೋ ಸಿಟ್ಟು ಬಂತು. ನಾನು ಒಳಪೆಡ್ಲು ಕಲಿತಿದ್ದು, ಮೊಣಕಾಲು ತರಚಿಕೊಂಡಿದ್ದು ಎಲ್ಲ ಅದರ ಮೇಲೇ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಆ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ವಿಶ್ವ ಸೈಕಲ್ ದಿನ! ಇಂಥ ಕಾಕತಾಳೀಯವನ್ನು ಸಿನಿಮಾದಲ್ಲಿ ತೋರಿಸಿದರೆ ಯಾರೂ ನಂಬಲ್ಲ.

ಹನುಮಂತನಗರದ ಒಂದು ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಹಿರಿಯರು ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿ, "ಓವರಾಲಿಂಗ್ ಮಾಡಿದ್ರೆ ಇದು ಇನ್ನೂ ಇಪ್ಪತ್ತು ವರ್ಷ ಓಡತ್ತೆ ಸಾರ್. ನೀವು ಓಡಿಸ್ತೀರಾ ನೋಡ್ಕೊಳಿ" ಅಂದರು. ಬಾಲ್ಸ್ ಬದಲಾದವು, ಗ್ರೀಸ್ ಬಿತ್ತು, ಕಾಟರ್ ಪಿನ್ ಹೊಸದಾಯಿತು, ಟೈರು ಟ್ಯೂಬು ಕೂಡ. ಹಳೇ ಟ್ಯೂಬುಗಳನ್ನು ಮಾತ್ರ ನಾನು ಬಿಡಲಿಲ್ಲ, ಮನೆಗೆ ತಂದೆ. ಅಡ್ಡಕ್ಕೆ ಕತ್ತರಿಸಿದರೆ ರಬ್ಬರ್ ಬ್ಯಾಂಡು, ಉದ್ದಕ್ಕೆ ಸೀಳಿದರೆ ಕ್ಯಾರಿಯರ್‌ಗೆ ಕಟ್ಟುವ ಪಟ್ಟಿ, ದುಂಡಗೆ ಕತ್ತರಿಸಿದರೆ ನಲ್ಲಿಗೆ ವಾಷರ್. ಕುರ್ಚಿಯ ಕಾಲುಗಳಿಗೂ ತೊಡಿಸಿದೆ. ಆಫೀಸಿನಲ್ಲಿ ಇಡೀ ದಿನ ಸ್ಕ್ರೀನ್ ನೋಡುವವರಿಗೆ ಕೈಗೆ ಮಸಿ ಹತ್ತುವ ಕೆಲಸ ಎಷ್ಟು ಹಿತ ಅನ್ನೋದು ಮಾಡಿದವರಿಗೇ ಗೊತ್ತು.

ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಒಂದು ಭಾನುವಾರ, "ಅಟ್ಟದ ಮೇಲೆ ಟೇಪ್ ರೆಕಾರ್ಡರ್ ಇದೆ, ಅದನ್ನೂ ನೋಡೋ" ಅಂದಳು. ಜೊತೆಗೊಂದು ಕ್ಯಾಸೆಟ್ಟನ್ನೂ ಕೊಟ್ಟಳು. ಅದರ ಮೇಲೆ ಅಪ್ಪನ ಅಕ್ಷರ: ಗಣಪತಿ ಹಬ್ಬ, 1993. ಮೇಲಂಚಿನ ಎರಡೂ ಚಿಕ್ಕ ಪ್ಲಾಸ್ಟಿಕ್ ಕಿವಿಗಳನ್ನು ಮುರಿದು ಹಾಕಿದ್ದರು. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಕ್ಕಾಗಲ್ಲ. ಅಳಿಸಬಾರದು ಅಂತ ಅಪ್ಪ ಅಂದೇ ತೀರ್ಮಾನ ಮಾಡಿದ್ದರು.

ರೆಕಾರ್ಡರ್ ಒಳಗೆ ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು. ನಾನೇನು ಕಡಿಮೆ? ಸೈಕಲ್ ಟ್ಯೂಬಿನಿಂದ ತೆಳ್ಳಗೆ ಒಂದು ಬಳೆ ಕತ್ತರಿಸಿ ಹಾಕಿದೆ. ಓಡಿತು! ಆದರೆ ಪರೀಕ್ಷೆಗೆ ಅಂತ ಹಾಕಿದ್ದ ಸಿನಿಮಾ ಕ್ಯಾಸೆಟ್ಟಿನ ಹಾಡು ಓಲಾಡತೊಡಗಿತು, ಗಾಯಕರು ಹಡಗಿನ ಮೇಲೆ ನಿಂತು ಹಾಡಿದ ಹಾಗೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒಂದೇ ಸಮನೆ ಓಡಬೇಕು. ಕತ್ತರಿಯಲ್ಲಿ ಕತ್ತರಿಸಿದ ರಬ್ಬರು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮರುಬಳಕೆಗೂ ಒಂದು ಮಿತಿ ಇದೆ ಅಂತ ಒಪ್ಪಿಕೊಂಡು ಎಸ್.ಪಿ. ರೋಡಿಗೆ ಹೋಗಿ ಸರಿಯಾದ ಬೆಲ್ಟ್ ತಂದೆ.

ಕ್ಯಾಸೆಟ್ಟಿನದು ಬೇರೆ ಕಥೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಕಳಚಿಬಿದ್ದಿತ್ತು. ಅದೇ ಸಿನಿಮಾ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಅದರ ಹೊಟ್ಟೆ ಖಾಲಿ ಮಾಡಿ, ಅಪ್ಪನ ಎರಡೂ ಸುರುಳಿಗಳನ್ನು ಅದಕ್ಕೆ ವರ್ಗಾಯಿಸಿದೆ. ನೀವೂ ಮಾಡುವುದಾದರೆ ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಬಿಚ್ಚಿ, ಟೇಪು ಹಾಯುವ ದಾರಿಯ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ. ಫ್ಯಾನ್ ಆಫ್ ಮಾಡಿ!

ಪ್ಲೇ ಒತ್ತಿದೆ. "ಹಲೋ... ಹಲೋ... ಬರ್ತಿದೆಯಾ? ಹ್ಞೂಂ, ಹಾಡು." ಎಂಟು ಸೆಕೆಂಡು. ಆಮೇಲೆ ಅಮ್ಮನ ದೇವರನಾಮ.

ಆದರೆ ಆ ದನಿ ಅಪ್ಪನದು ಅನ್ನಿಸಲಿಲ್ಲ. ಭಾರ, ಎಳೆದ ಹಾಗೆ, ಯಾರೋ ಪರಿಚಯ ಇಲ್ಲದವರು ಮಾತಾಡಿದಂತೆ. ಅಪ್ಪ ಹೀಗೇ ಮಾತಾಡ್ತಿದ್ರಾ? ಆರೇ ವರ್ಷಕ್ಕೆ ನಾನು ಮರೆತುಬಿಟ್ಟೆನಾ? ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಅಮ್ಮನನ್ನು ಕೇಳುವ ಧೈರ್ಯವೂ ಬರಲಿಲ್ಲ.

ಅಮ್ಮ ಕಣ್ಣು ಮುಚ್ಚಿಕೊಂಡು ತನ್ನ ಹಾಡು ಕೇಳುತ್ತಿದ್ದಳು. "ಇದು ನನ್ನ ಶ್ರುತಿ ಅಲ್ಲ ಕಣೋ. ನಂದು ಐದೂವರೆ. ಇದು ಐದಕ್ಕೆ ಇಳಿದಿದೆ" ಅಂದಳು.

ಆ ಕಿವಿ ಸುಮ್ಮನೆ ಬಂದಿದ್ದಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ಗೊತ್ತಲ್ಲ, 1939ರಿಂದ ನಡೆದುಕೊಂಡು ಬಂದಿರೋವು? ಮದುವೆಯಾದ ಹೊಸತರಲ್ಲಿ ಅಪ್ಪ ಇದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಮ್ಮನನ್ನು ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಟಿಕೆಟ್ ತೊಗೊಳ್ಳೋಷ್ಟು ದುಡ್ಡಿರಲಿಲ್ಲ. ಹೊರಗೆ ರಸ್ತೆಯಲ್ಲಿ ನಿಂತೇ ಕೇಳುವುದು. ಅಪ್ಪನಿಗೆ ಸಂಗೀತ ತಲೆಯಾಡಿಸುವಷ್ಟು ಮಾತ್ರ ಬರುತ್ತಿತ್ತು.

ಅರ್ಧ ಮನೆ ಶ್ರುತಿ ಇಳಿಯಲು ಟೇಪು ಶೇಕಡಾ 6ರಷ್ಟು ನಿಧಾನವಾದರೆ ಸಾಕು. ಮೋಟರಿನ ಹಿಂಬದಿಯಲ್ಲಿ ಸೂಜಿಯಷ್ಟು ತೂತು, ಒಳಗೆ ವೇಗ ಹೊಂದಿಸುವ ಸ್ಕ್ರೂ. ಅಮ್ಮ ತನ್ನ ಶ್ರುತಿಪೆಟ್ಟಿಗೆ ತಂದಳು. 1993ರಲ್ಲಿ ಹಾಡುವಾಗಲೂ ಅದೇ ಪೆಟ್ಟಿಗೆ, ಟೇಪಿನಲ್ಲಿ ಅದರ ದನಿಯೂ ಇದೆ. ಅವಳು ತಿದಿ ಒತ್ತುತ್ತಾ ಹೋದಳು, ನಾನು ಸ್ಕ್ರೂ ತಿರುಗಿಸುತ್ತಾ ಹೋದೆ. "ಇನ್ನೂ. ಇನ್ನೂ ಸ್ವಲ್ಪ. ಅಯ್ಯೋ ಜಾಸ್ತಿಯಾಯ್ತು, ಹಿಂದಕ್ಕೆ. ಹಾಂ, ನಿಲ್ಲಿಸು." ಎರಡು ಪೆಟ್ಟಿಗೆಗಳು ಒಂದೇ ಆದವು. ಎಲ್ಲಿ ಯಾವುದು ಅಂತ ಬಿಡಿಸಿ ಹೇಳಕ್ಕಾಗದ ಹಾಗೆ.

ರಿವೈಂಡ್ ಮಾಡಿ ಮತ್ತೆ ಒತ್ತಿದೆ.

"ಹಲೋ... ಹಲೋ... ಬರ್ತಿದೆಯಾ?"

ಅಪ್ಪ. ಅದೇ ಸ್ವಲ್ಪ ಮೂಗಿನ ದನಿ, ಅದೇ ಅವಸರ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, ಸೆರಗಿನಿಂದ ಶ್ರುತಿಪೆಟ್ಟಿಗೆಯ ಧೂಳು ಒರೆಸಿದಳು. ಧೂಳೇನೂ ಇರಲಿಲ್ಲ. ಹಾಡು ಮುಗಿದ ಮೇಲೆ, "ಎರಡನೇ ಚರಣದಲ್ಲಿ ತಾಳ ತಪ್ಪಿದೀನಿ ನೋಡು" ಅಂದಳು. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು ಎಳೆದು ಎರಡೂ ಬದಿ ಫೈಲ್ ಮಾಡಿಟ್ಟೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಅಮ್ಮ ಕೇಳಿದಳು, "ಆ ಸೈಕಲ್ಲಿನ ಕ್ಯಾರಿಯರ್ ಗಟ್ಟಿ ಇದೆಯೇನೋ?"

"ಯಾಕಮ್ಮ?"

"ಸುಮ್ನೆ ಕೇಳ್ದೆ."

ಮರುದಿನವೇ ಶಾಪಿಗೆ ಹೋಗಿ ಅದರ ನಟ್ಟುಗಳನ್ನೆಲ್ಲ ಬಿಗಿ ಮಾಡಿಸಿಕೊಂಡು ಬಂದೆ.